ಓದುಗರ ಪ್ರಶ್ನೆ, ತಜ್ಞರ ಉತ್ತರ: ಕೋಶವಿಭಜನೆ

ಪ್ರಶ್ನೆ: ಪ್ರಾಕ್ಟಿಕಲ್‌ನಲ್ಲಿ ಈರುಳ್ಳಿ ಬೇರಿನ ಸ್ಲೈಡ್ ಮಾಡಿದೆವು. ಕೋಶಗಳೆಲ್ಲ ಉದ್ದುದ್ದ ಇದ್ದವು, ಒಂದರಲ್ಲೂ ವರ್ಣತಂತು ಕಾಣಲಿಲ್ಲ. ಎಲ್ಲಿ ತಪ್ಪಿದೆವು?
– ಪಿಯುಸಿ ವಿದ್ಯಾರ್ಥಿನಿಯರು, ಶಿರಸಿ

ಉತ್ತರ: ಕೋಶ ಉದ್ದವಿತ್ತು ಎಂದಿರಲ್ಲ, ತಪ್ಪು ಅಲ್ಲೇ ಸಿಕ್ಕಿತು. ವರ್ಣತಂತು, ಅಂದರೆ ಡಿಎನ್ಎ ಸುತ್ತಿಕೊಂಡ ಎಳೆ, ಎದ್ದು ಕಾಣುವುದು ಕೋಶ ವಿಭಜಿಸುವಾಗ ಮಾತ್ರ. ಬೇರಿನಲ್ಲಿ ಕೋಶಗಳು ವಿಭಜಿಸುವುದು ತುದಿಯ 2–3 ಮಿ.ಮೀ. ಜಾಗದಲ್ಲಿ ಮಾತ್ರ. ಅದರ ಮೇಲಿನವು ವಿಭಜನೆ ನಿಲ್ಲಿಸಿ ಉದ್ದವಾಗುತ್ತವೆ. ನೀವು ನೋಡಿದ್ದು ಆ ಮೇಲಿನ ಭಾಗ.

ಈ ಸಲ ಗಡ್ಡೆಯ ಹಳೆಯ ಒಣಬೇರು ಕೆರೆದು, ಬುಡವಷ್ಟೇ ನೀರು ಮುಟ್ಟುವಂತೆ ಲೋಟದ ಬಾಯಿಗೆ ಕೂರಿಸಿ. ಮೂರರಿಂದ ಐದು ದಿನಕ್ಕೆ ಬೇರು 2 ಸೆಂ.ಮೀ. ದಾಟುತ್ತದೆ. (ಮೊಳಕೆ ಬಾರದಂತೆ ವಿಕಿರಣ ಹಾಯಿಸಿದ ಈರುಳ್ಳಿ ಇದಕ್ಕೆ ಆಗದು.) ಬೆಳಗ್ಗೆ 8–9 ಗಂಟೆಗೆ ತುದಿ ಕತ್ತರಿಸಿ, ಮೂರು ಪಾಲು ಆಲ್ಕೋಹಾಲಿಗೆ ಒಂದು ಪಾಲು ಗ್ಲೇಸಿಯಲ್ ಅಸಿಟಿಕ್ ಆಮ್ಲ ಆಗಲೇ ಬೆರೆಸಿದ ದ್ರಾವಣದಲ್ಲಿ 24 ಗಂಟೆ ಇಡಿ. ಕೋಶ ಯಾವ ಹಂತದಲ್ಲಿತ್ತೋ ಅಲ್ಲೇ ನಿಲ್ಲುತ್ತದೆ. ಆಮೇಲೆ ವಾಚ್‌ಗ್ಲಾಸಿನಲ್ಲಿ ವರ್ಣತಂತುವಿಗೆ ಕೆಂಪು ಬಣ್ಣ ಹಿಡಿಸುವ ಅಸಿಟೋಕಾರ್ಮೈನ್ ಒಂದೆರಡು ಹನಿ, ತೆಳುವಾದ (ಎನ್/10) ಹೈಡ್ರೋಕ್ಲೋರಿಕ್ ಆಮ್ಲ ಒಂದು ಹನಿ ಹಾಕಿ ಬಿಸಿ ಮಾಡಿ, ಕುದಿಸಬೇಡಿ. ಆಮ್ಲ ಕೋಶಗಳ ನಡುವಿನ ಅಂಟನ್ನು ಬಿಡಿಸುತ್ತದೆ. ಅದು ಸಾಲದಿದ್ದರೆ ಎಷ್ಟು ಒತ್ತಿದರೂ ಕೋಶಗಳು ಒಂದರ ಮೇಲೊಂದು ರಾಶಿ ಬಿದ್ದಿರುತ್ತವೆ.

ಗಾಢ ಕೆಂಪಾದ ತುದಿಯನ್ನಷ್ಟೇ ಉಳಿಸಿ, ಮಿಕ್ಕಿದ್ದು ಎಸೆಯಿರಿ. ಕವರ್‌ಸ್ಲಿಪ್ ಮುಚ್ಚಿ ಪೆನ್ಸಿಲ್ಲಿನ ಹಿಂಬದಿಯಿಂದ ಮೆಲ್ಲಗೆ ಕುಟ್ಟಿ, ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರ ಒತ್ತಿ. ಸ್ವಲ್ಪ ಜಾರಿದರೂ ಕೋಶಗಳು ಸುರುಳಿ ಸುತ್ತಿ ಹರಿಯುತ್ತವೆ.

ಇಷ್ಟಾದರೂ ಬಹುಪಾಲು ಕೋಶಗಳಲ್ಲಿ ದುಂಡನೆಯ ಕೋಶಕೇಂದ್ರವೇ ಕಂಡೀತು. ಕೋಶದ ಆಯುಷ್ಯದ ಹೆಚ್ಚು ಪಾಲು ಬೆಳೆಯುತ್ತ, ಡಿಎನ್ಎ ನಕಲು ಮಾಡಿಕೊಳ್ಳುತ್ತ ವಿಭಜನೆಯ ಸಿದ್ಧತೆಯಲ್ಲೇ ಕಳೆಯುತ್ತದೆ. ವಿಭಜಿಸುವವುಗಳಲ್ಲೂ ಪ್ರೊಫೇಸ್ (ವರ್ಣತಂತು ದಪ್ಪವಾಗತೊಡಗುವ ಮೊದಲ ಹಂತ) ಹೆಚ್ಚು ಸಿಗುತ್ತದೆ. ವರ್ಣತಂತುಗಳು ಎರಡು ಪಾಲಾಗಿ ಬೇರೆಯಾಗುವ ಅನಾಫೇಸ್ ಹಂತ ಬೇಗ ಮುಗಿಯುವುದರಿಂದ ಹುಡುಕಬೇಕು. ಒಂದು ಸಿಕ್ಕರೆ ಸೂಕ್ಷ್ಮದರ್ಶಕದ 40ಎಕ್ಸ್ ಮಸೂರದಲ್ಲಿ ನೋಡಿ: ಎರಡು ತುದಿಗೆ ಎಳೆದುಕೊಂಡು ಹೋಗುವ ಎರಡು ಗುಂಪು, ಒಂದೊಂದರಲ್ಲೂ 16 ವರ್ಣತಂತು. ಈ ಹಂಚಿಕೆಯಲ್ಲಿ ಒಂದು ಹೆಚ್ಚುಕಡಿಮೆಯಾದರೂ ಮರಿಕೋಶದ ಕೆಲಸ ಕೆಡಬಹುದು.

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್. ಕೀಮೋದಿಂದ ಕೂದಲು ಉದುರಿದೆ, ಬಾಯಲ್ಲಿ ಹುಣ್ಣು. ಇದೇಕೆ? ನಿತ್ಯಪುಷ್ಪದ ಎಲೆರಸ ಕೊಡಬಹುದೇ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಎಲೆರಸ ಖಂಡಿತ ಬೇಡ. ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ಸಿಗುವುದು ನಿಜ. ಆದರೆ ಅದರ ಒಂದು ಗ್ರಾಮಿಗೆ ನೂರಾರು ಕಿಲೋ ಎಲೆ ಬೇಕು. ಎಲೆಯಲ್ಲಿ ಬೇರೆ ವಿಷಗಳೂ ಇವೆ, ಅಳತೆಯಂತೂ ಯಾರಿಗೂ ತಿಳಿಯದು.

ಕೀಮೋ ಔಷಧಿಗಳಲ್ಲಿ ಹೆಚ್ಚಿನವು ವಿಭಜಿಸುತ್ತಿರುವ ಕೋಶವನ್ನು ಹೊಡೆಯುತ್ತವೆ. ವಿನ್‌ಕ್ರಿಸ್ಟಿನ್ ವರ್ಣತಂತುಗಳನ್ನು ಎಳೆಯುವ ಸ್ಪಿಂಡಲ್ ಎಳೆಗಳನ್ನು ಕಟ್ಟಗೊಡುವುದಿಲ್ಲ. ಸ್ತನ ಕ್ಯಾನ್ಸರಿಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಕಟ್ಟಿದ ಎಳೆಗಳನ್ನು ಬಿಚ್ಚಗೊಡುವುದಿಲ್ಲ. ಎರಡರಲ್ಲೂ ಕೋಶ ಅರ್ಧದಾರಿಯಲ್ಲೇ ಸಿಕ್ಕಿಬೀಳುತ್ತದೆ. ಕೂದಲ ಬುಡ, ಬಾಯಿ ಮತ್ತು ಕರುಳಿನ ಒಳಪದರ, ಮೂಳೆಮಜ್ಜೆ ಇವೆಲ್ಲ ಸದಾ ವಿಭಜಿಸುವ ಜಾಗಗಳು, ಅದಕ್ಕೇ ಅವಕ್ಕೂ ಪೆಟ್ಟು. ನರಕೋಶ ವಿಭಜಿಸದಿದ್ದರೂ ಅದರೊಳಗೆ ಇದೇ ಬಗೆಯ ಎಳೆಗಳಿವೆ. ಕೆಲವರಿಗೆ ಬೆರಳು ಜುಮ್ಮೆನ್ನುವುದು ಇದರಿಂದ, ಹಾಗಾದರೆ ವೈದ್ಯರಿಗೆ ತಿಳಿಸಿ. ಕೂದಲು ಸಾಮಾನ್ಯವಾಗಿ ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ. ನಿಜವಾಗಿ ಎಚ್ಚರ ಬೇಕಾದದ್ದು ಬಿಳಿರಕ್ತಕಣ ಇಳಿಯುವ ದಿನಗಳಲ್ಲಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಮಧ್ಯರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಬೀಜವಿಲ್ಲದ ಕಲ್ಲಂಗಡಿ ಹಾಕುವಾಗ ಬೀಜದ ತಳಿಯನ್ನೂ ಹಾಕಿ ಅಂತಾರೆ. ಯಾಕೆ?
– ರೈತರು, ಚಳ್ಳಕೆರೆ

ಉತ್ತರ: ಹಾಕಲೇಬೇಕು. ಮಾಮೂಲಿ ಕಲ್ಲಂಗಡಿಗೆ ಹನ್ನೊಂದರ ಎರಡು ಜೊತೆ, ಅಂದರೆ 22 ವರ್ಣತಂತು. 44 ಇರುವ ತಾಯಿಗೂ 22 ಇರುವ ತಂದೆಗೂ ಹುಟ್ಟಿದ ನಿಮ್ಮ ಗಿಡಕ್ಕೆ 33. ಮೂರು ಪಾಲು ಜೋಡಿ ಕೂಡದೆ ಪರಾಗ ಜೊಳ್ಳಾಗುತ್ತದೆ. ಆದರೆ ಕಾಯಿ ಊದಲು ಒಳ್ಳೆಯ ಪರಾಗದ ಪ್ರಚೋದನೆ ಬೇಕೇ ಬೇಕು. ಮೂರು ಗಿಡಕ್ಕೊಂದು ಬೀಜದ ಗಿಡ ಇರಲಿ, ಹೂವಿನ ಕಾಲದಲ್ಲಿ ಬೆಳಗಿನ ಹೊತ್ತು ಕೀಟನಾಶಕ ಹೊಡೆಯಬೇಡಿ, ಜೇನ್ನೊಣ ಬರಲಿ. ಹಣ್ಣಿನೊಳಗೆ ಸಿಗುವ ಮೆತ್ತನೆಯ ಬಿಳಿ ಬೀಜ ಬರೀ ಸಿಪ್ಪೆ, ತಿನ್ನಬಹುದು.