ಜಂಬಿಟ್ಟಿಗೆ ಗೋಡೆಯ ಬಚ್ಚಲಿಗೆ ಶವರ್: ಪೈಪ್ ಎಲ್ಲಿ ಮರೆಮಾಡುವುದು?

ಅಕ್ಕಾ, ನಿಮ್ಮ ಪ್ರಶ್ನೆ ಓದಿದೆ. ಹೊಸನಗರದ ಕಡೆಯ ಹಳೆಯ ಜಂಬಿಟ್ಟಿಗೆ ಮನೆ, ಎಂದರೆ ತೂತುತೂತಾದ ಕೆಂಪು ಕಲ್ಲಿನದು. ಬಗ್ಗಿ ತಂಬಿಗೆಯಲ್ಲಿ ನೀರು ತೋಡಿಕೊಳ್ಳಲು ಅತ್ತೆಯವರಿಗೆ ಆಗುತ್ತಿಲ್ಲ, ಅದಕ್ಕೆ ಶವರ್ ಬೇಕು. ಪ್ಲಂಬರ್ ಗೋಡೆಯ ಮೇಲೆಯೇ ಪೈಪ್ ಎಳೆಯುತ್ತೇನೆ ಎನ್ನುತ್ತಾರೆ, ನಿಮಗೆ ಅದು ಕಣ್ಣಿಗೆ ಹಿತವಾಗಿಲ್ಲ. ಗೋಡೆ ಕೊರೆಸಿ ಒಳಗೆ ಹಾಕಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಕೊರೆಸಬೇಡಿ.

ನಾವು ಕೊರೆಸಿ ಅನುಭವಿಸಿದ್ದೇವೆ. ಜಂಬಿಟ್ಟಿಗೆ ಸುಟ್ಟ ಇಟ್ಟಿಗೆಯ ಹಾಗೆ ಗೆರೆ ಹಿಡಿದು ಕಡಿಯುವುದಿಲ್ಲ. ಚಾಣ ಇಟ್ಟು ಒಂದು ಪೆಟ್ಟು ಹಾಕಿದರೆ ಮುಷ್ಟಿಯಷ್ಟು ಹೆಂಟೆ ಕಿತ್ತು ಬರುತ್ತದೆ. ಒಂದೂವರೆ ಇಂಚಿನ ಕಾಲುವೆ ತೆಗೆಯಲು ಹೋಗಿ ನಮ್ಮಲ್ಲಿ ನಾಲ್ಕು ಇಂಚು ಬಾಯಿಬಿಟ್ಟಿತು. ಸಿಮೆಂಟ್ ತುಂಬಿ, ಟೈಲ್ಸ್ ಹಚ್ಚಿ ಮುಚ್ಚಿದೆವು. ಆ ಮಳೆಗಾಲದಲ್ಲಿ ಪಕ್ಕದ ಕೋಣೆಯ ಗೋಡೆ ಒಸರತೊಡಗಿತು. ಆರಿದ್ರಾ ಮಳೆಗೆ ಗೋಡೆ ಒಸರುವುದು ಮಲೆನಾಡಿನಲ್ಲಿ ಯಾರಿಗೂ ಹೊಸದಲ್ಲ, ಹಾಗಾಗಿ ಸುಮ್ಮನಿದ್ದೆವು. ದೀಪಾವಳಿ ಕಳೆಯಿತು, ಅಡಿಕೆ ಕೊಯ್ಲು ಮುಗಿಯುತ್ತ ಬಂತು, ಸಂಕ್ರಾಂತಿಗೂ ಗೋಡೆ ಆರಲಿಲ್ಲ. ಒಂದು ಬೆಳಿಗ್ಗೆ ಅಮ್ಮ ಅಲ್ಲಿ ಅಂಗೈ ಇಟ್ಟು ನೋಡಿದರು: ಗೋಡೆ ಬೆಚ್ಚಗಿತ್ತು. ಮಳೆಯ ನೀರು ಬೆಚ್ಚಗಿರುವುದಿಲ್ಲವಲ್ಲ! ಟೈಲ್ಸ್ ಒಡೆದರೆ, ಬಿಸಿನೀರಿನ ಪೈಪು ತಿರುಗುವಲ್ಲಿ ಜೋಡಿಸುವ ಎಲ್ಬೋ ಒಂದು ಅಂಚಿನಲ್ಲಿ ಅಂಟು ಹಿಡಿದಿರಲಿಲ್ಲ. ಸೂಜಿಮೊನೆಯಷ್ಟು ಸಂದು. ಹನಿ ಹನಿಯಾಗಿ ಒಸರಿದ ನೀರು ಕಲ್ಲಿನ ತೂತುಗಳನ್ನೇ ಹಾದಿ ಮಾಡಿಕೊಂಡು ಆರು ಅಡಿ ಆಚೆ ಹೊರಬಿದ್ದಿತ್ತು. ಉಗುರಿನಲ್ಲಿ ಕೆರೆದರೆ ಕಲ್ಲು ಕೆಂಪು ಕೆಸರಾಗಿ ಬರುತ್ತಿತ್ತು.

ಸಿಮೆಂಟಿನಲ್ಲಿ ಕಟ್ಟಿದ ಇಟ್ಟಿಗೆ ಗೋಡೆಯಾದರೆ ಮಾತು ಬೇರೆ. ಅಲ್ಲಿಯೂ ಲಂಬವಾಗಿ ಗೋಡೆಯ ದಪ್ಪದ ಮೂರನೇ ಒಂದು ಭಾಗ, ಅಡ್ಡಲಾಗಿ ಆರನೇ ಒಂದು ಭಾಗಕ್ಕಿಂತ ಆಳ ಕೊರೆಯಬಾರದು. ಒಂಬತ್ತು ಇಂಚಿನ ಗೋಡೆಗೆ ಅಡ್ಡ ಕಾಲುವೆ ಒಂದೂವರೆ ಇಂಚು, ಅಷ್ಟೇ. ಮಾಡಿನ ಭಾರ ಹೊತ್ತು ನಿಂತ, ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆಗಂತೂ ಕೈ ಹಾಕಲೇಬಾರದು.

ಹಾಗಾದರೆ ಏನು ಮಾಡುವುದು? ಗೋಡೆಯನ್ನು ಮುಟ್ಟದೆ, ಅದರ ಮುಂದೆ ಮೂಲೆಯಲ್ಲಿ ಒಂದು ಪೆಟ್ಟಿಗೆ ಎಬ್ಬಿಸಿ. ಮಾಡಿಗೆ ಸಾಗುವ ಮೂಲೆಯನ್ನೇ ಆರಿಸಿ, ಅಟ್ಟದ ಮೇಲಿನಿಂದ ಬಿಸಿ ಮತ್ತು ತಣ್ಣೀರಿನ ಎರಡೂ ಪೈಪ್ ನೆಟ್ಟಗೆ ಇಳಿಸಿ. ಅವುಗಳ ಮುಂದೆ ತುಕ್ಕು ಹಿಡಿಯದ ಅಲ್ಯೂಮಿನಿಯಂ ಚೌಕಟ್ಟು ಕಟ್ಟಿ, ಸಿಮೆಂಟ್ ಫೈಬರ್ ಹಲಗೆ ಬಿಗಿದು, ನೀರು ನಿಲ್ಲಿಸುವ ಲೇಪನ ಕೊಟ್ಟು ಟೈಲ್ಸ್ ಹಚ್ಚಿಸಿ. ಪ್ಲೈವುಡ್ ಬೇಡ, ಜಿಪ್ಸಂ ಹಲಗೆ ಬೇಡ. ತಿಂಗಳುಗಟ್ಟಲೆ ಆರದ ನಮ್ಮ ಬಚ್ಚಲಿನಲ್ಲಿ ಒಂದು ಬೂಸಲು ಹಿಡಿದು ಉಬ್ಬುತ್ತದೆ, ಇನ್ನೊಂದು ಕರಗಿ ಹೋಗುತ್ತದೆ. ಗೆದ್ದಲಿನ ವಿಚಾರ ನಿಮಗೆ ಹೇಳಬೇಕಾಗಿಲ್ಲ. ಪೆಟ್ಟಿಗೆ ಆರು ಇಂಚು ಮುಂದೆ ಬಂದರೆ ಸಾಕು. ಸೊಂಟದ ಎತ್ತರದವರೆಗೆ ಅದನ್ನೇ ಗೋಡೆಯುದ್ದಕ್ಕೂ ಅಗಲಿಸಿದರೆ ಸೋಪು, ತಂಬಿಗೆ ಇಡಲು ಕಟ್ಟೆಯೂ ಆಗುತ್ತದೆ.

ಇದರಲ್ಲಿ ಬಿಡಬಾರದ ಒಂದು ಸಂಗತಿ ಮುಚ್ಚಳ. ಎಲ್ಬೋ, ಮೂರು ಬಾಯಿಯ ಟೀ ಜೋಡಣೆ, ವಾಲ್ವ್ ಇರುವ ಪ್ರತಿ ಜಾಗದ ಎದುರಿಗೆ ಒಂದು ಟೈಲ್ ಸಿಮೆಂಟಿನಿಂದ ಕೂರಬಾರದು. ಅಂಚಿಗೆ ಸಿಲಿಕಾನ್ ಮಾತ್ರ ಹಚ್ಚಿರಬೇಕು, ಬ್ಲೇಡ್ ಆಡಿಸಿದರೆ ಬಿಟ್ಟು ಬರಬೇಕು. ಪೈಪ್ ಕಣ್ಣಿಗೆ ಮರೆಯಾಗಲಿ, ಕೈಗೆ ಸಿಗಲಿ. ಪೆಟ್ಟಿಗೆಯ ತಳದಲ್ಲಿ ಬಚ್ಚಲಿನ ಕಡೆಗೆ ಬೆರಳು ತೂರುವಷ್ಟು ಒಂದು ತೂತನ್ನೂ ಬಿಡಿಸಿ. ಒಳಗೆ ಎಲ್ಲಿ ಸೋರಿದರೂ ಮೊದಲ ಹನಿ ನೆಲದ ಮೇಲೆ ಕಾಣಿಸುತ್ತದೆ. ನಮಗೆ ಏಳು ತಿಂಗಳು ತಿಳಿಯದೆ ಹೋದದ್ದು ನಿಮಗೆ ಏಳು ನಿಮಿಷದಲ್ಲಿ ತಿಳಿಯುತ್ತದೆ.

ಪೈಪ್ ಎರಡಕ್ಕೂ ಬಿಸಿನೀರು ತಾಳುವ ಪ್ಲಾಸ್ಟಿಕ್ಕಾದ ಸಿಪಿವಿಸಿಯೇ ಇರಲಿ, ತಣ್ಣೀರಿಗೆ ಹಾಕುವ ಬಿಳಿಯ ಯುಪಿವಿಸಿ ಬಿಸಿನೀರಿಗೆ ಆಗುವುದಿಲ್ಲ. ಸಿಪಿವಿಸಿ 90 ಡಿಗ್ರಿಯವರೆಗೂ ತಾಳುತ್ತದೆ, ಆದರೆ ಕಾದಾಗ ಹಿಗ್ಗುತ್ತದೆ. ಹತ್ತು ಅಡಿ ಉದ್ದದ ಪೈಪಿಗೆ 40 ಡಿಗ್ರಿ ಹೆಚ್ಚು ಬಿಸಿ ತಾಗಿದರೆ ಸುಮಾರು 8 ಮಿಲಿಮೀಟರ್ ಬೆಳೆಯುತ್ತದೆ. ಹಾಗಾಗಿ ಕ್ಲಾಂಪ್ ಪೈಪನ್ನು ಹಿಡಿದಿರಬೇಕು, ಹಿಚುಕಿರಬಾರದು. ಗೋಡೆಯಲ್ಲಿ ಸಿಮೆಂಟ್ ತುಂಬಿ ಬಿಗಿದ ಪೈಪಿಗೆ ಈ ಸಡಿಲ ಸಿಗುವುದಿಲ್ಲ, ಪೆಟ್ಟಿಗೆಯೊಳಗೆ ಸಿಗುತ್ತದೆ. ಕರೆಂಟಿನ ವೈರನ್ನು ಮಾತ್ರ ಅದೇ ಪೆಟ್ಟಿಗೆಯಲ್ಲಿ ಇಳಿಸಲು ಬಿಡಬೇಡಿ.

ಹೊರಗೋಡೆಯ ಮೇಲೆ ಪೈಪ್ ತಂದು ಶವರಿನ ಹತ್ತಿರ ಒಂದೇ ತೂತಿನಲ್ಲಿ ಒಳಗೆ ತೂರಿಸಿ ಎಂದು ಹೇಳುವವರಿದ್ದಾರೆ. ಬಿಸಿಲಿಗೆ ಸಿಪಿವಿಸಿ ಪೆಡಸಾಗುತ್ತದೆ, ಮಂಗ ಜೋತಾಡುತ್ತದೆ. ನನಗೆ ಒಪ್ಪಿಗೆಯಿಲ್ಲ.

ಅತ್ತೆಯವರಿಗಾಗಿ ಎಂದಿದ್ದರಿಂದ ಇನ್ನೊಂದು ಮಾತು. ತಲೆಯ ಮೇಲಿನ ದೊಡ್ಡ ತಟ್ಟೆಯಂಥ ಶವರಿಗಿಂತ, ಕಂಬಿಯ ಮೇಲೆ ಮೇಲೆ ಕೆಳಗೆ ಸರಿಸುವ ಕೈಶವರ್ ಅವರಿಗೆ ಅನುಕೂಲ. ಮಣೆಯೋ ಸ್ಟೂಲೋ ಹಾಕಿಕೊಂಡು ಕುಳಿತು ಸ್ನಾನ ಮಾಡಬಹುದು. ನಿಮ್ಮ ಕೆಲಸವೂ ಅರ್ಧ ಇಳಿಯುತ್ತದೆ. ಬಿಸಿನೀರು ತಣ್ಣೀರು ಬೆರೆಸುವ ನಲ್ಲಿ, ಅಂದರೆ ಮಿಕ್ಸರ್, ಎದೆಯ ಎತ್ತರದಲ್ಲಿ ಕೂರುತ್ತದೆ, ಅದರಿಂದ ಮೇಲಕ್ಕೆ ಹೋಗುವುದು ಹೊಳಪಿನ ಸ್ಟೀಲ್ ಕಂಬಿ ಮತ್ತು ಹೋಸ್ ಮಾತ್ರ. ಮರೆಮಾಡಬೇಕಾದ ಪೈಪೇ ಮಿಕ್ಸರಿಗೆ ಮುಗಿಯುತ್ತದೆ.

ನಿಮ್ಮದು ಅಬ್ಬಿ ನೀರೇ? ಹಾಗಿದ್ದರೆ ಗುಡ್ಡದಿಂದ ನೇರವಾಗಿ ಬರುವ ಲೈನನ್ನು ಮಿಕ್ಸರಿಗೆ ಕೊಡಬೇಡಿ. ಹತ್ತು ಮೀಟರ್ ಎತ್ತರಕ್ಕೆ ನೀರು ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕೆಜಿ ಒತ್ತಡ ಕೊಡುತ್ತದೆ. ಗುಡ್ಡದ ನೀರು ಮೂರು ಕೆಜಿಯಲ್ಲಿ ನುಗ್ಗಿ, ಟ್ಯಾಂಕಿನಿಂದ ಮೆಲ್ಲಗೆ ಬರುವ ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ಎರಡೂ ಒಂದೇ ಟ್ಯಾಂಕಿನಿಂದ ಇಳಿಯಲಿ. ಟ್ಯಾಂಕ್ ಎತ್ತರವಿಲ್ಲದಿದ್ದರೆ ಮಿಕ್ಸರಿನವರೆಗೂ ಮುಕ್ಕಾಲು ಇಂಚಿನ ಪೈಪನ್ನೇ ತನ್ನಿ. ಚಂದಕ್ಕಾಗಿ ಹಾಕುವ ಪ್ರತಿ ತಿರುವೂ ಶವರಿನ ನೀರನ್ನು ಕಡಿಮೆ ಮಾಡುತ್ತದೆ.

ಹಲಗೆ ಬಿಗಿಯುವ ಮೊದಲು ಎಲ್ಲ ಬಾಯಿಗಳಿಗೂ ಪ್ಲಗ್ ಹಾಕಿಸಿ, ಕೈಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷಿಸಲು ಹೇಳಿ. ಬರಿಯ ಟ್ಯಾಂಕಿನ ನೀರು ತುಂಬಿ ನೋಡಿದರೆ ಸೂಜಿಮೊನೆಯ ಸಂದು ಸಿಕ್ಕಿಬೀಳುವುದಿಲ್ಲ. ಬಳಿಕ ಪೈಪಿನ ಪಕ್ಕ ಅಳತೆ ಟೇಪ್ ಹಿಡಿದು ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದಿಡಿ. ಮುಂದೆ ಟವೆಲ್ ಕಂಬಿಗೆ ಡ್ರಿಲ್ ಹೊಡೆಯುವವರು ಪೈಪಿಗೇ ತೂತು ಹಾಕದಂತೆ ಅದು ಕಾಯುತ್ತದೆ.

ಟ್ಯಾಂಕಿನ ತಳದಿಂದ ಶವರ್ ಬರುವ ಜಾಗಕ್ಕೆ ಎಷ್ಟು ಅಡಿ, ಬಿಸಿನೀರು ಸೋಲಾರಿನದೋ ಹಂಡೆಯದೋ, ಇಷ್ಟನ್ನು ಅಳೆದು ಇಲ್ಲಿ ಬರೆಯಿರಿ. ಮೂಲೆಯ ಒಂದು ಫೋಟೋ ಕೂಡ ಹಾಕಿ. ಪೆಟ್ಟಿಗೆಯ ಅಳತೆ ಬರೆದು ಕಳಿಸುತ್ತೇನೆ.