ಕಪ್ಪು ಕವಚದ ಖಳರು ಇದ್ದಿಲಿನ ತುಂಡುಗಳಂತೆ ಕಾಣುತ್ತಿದ್ದಾರೆ, ಎಲ್ಲಿ ತಪ್ಪಿದ್ದೇನೆ?

ಮೇಜಿನ ಮೇಲೆ ಪುಟ್ಟ ಗೊಂಬೆಗಳಿಂದ ಆಡುವ ವಾರ್‌ಹ್ಯಾಮರ್ 40,000 ಯುದ್ಧದಾಟದಲ್ಲಿ ಬ್ಲ್ಯಾಕ್ ಲೀಜನ್ ಎಂಬ ಖಳಪಡೆಯ ಐದು ಯೋಧರಿಗೆ ಕಪ್ಪು ಬಳಿದು, ಕವಚದ ಪಟ್ಟಿಗಳಿಗೆ ಚಿನ್ನದ ಬಣ್ಣ ಕೊಟ್ಟು, ಕೊನೆಗೆ ಎಲ್ಲದರ ಮೇಲೂ ಕಪ್ಪು ವಾಶ್, ಅಂದರೆ ನೀರಿನಂತೆ ತೆಳುವಾದ ಬಣ್ಣ, ಹರಿಸಿದ್ದೀರಿ. ಕೈಯಲ್ಲಿ ಹಿಡಿದರೆ ಪರವಾಗಿಲ್ಲ, ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದರೆ ಇದ್ದಿಲು ಎಂದಿದ್ದೀರಿ. ದೋಷ ನಿಮ್ಮ ಕೈಯದ್ದಲ್ಲ, ಆ ವಾಶ್‌ನದ್ದು. ವಾಶ್ ಇರುವುದು ಸಂದುಗಳಿಗೆ ಇಳಿದು ನೆರಳು ತರುವುದಕ್ಕೆ. ಕವಚವೇ ಕಪ್ಪಾಗಿರುವಾಗ ಆ ನೆರಳು ಕಾಣುವುದಾದರೂ ಎಲ್ಲಿ? ಕಪ್ಪಿಗೆ ನಾವು ಸೇರಿಸಬಹುದಾದದ್ದು ಬೆಳಕು ಮಾತ್ರ.

ನಿಜವಾದ ಉಕ್ಕಿನ ಕವಚ ಬಿಸಿಲಿನಲ್ಲಿ ತಾನಾಗಿಯೇ ಮಿನುಗುತ್ತದೆ. ಮೂರು ನಾಲ್ಕು ಸೆಂಟಿಮೀಟರ್ ಎತ್ತರದ ಗೊಂಬೆಯ ಅಂಚುಗಳು ಎಷ್ಟು ಸಣ್ಣವೆಂದರೆ, ಕೋಣೆಯ ದೀಪ ಅಲ್ಲಿ ಆ ಮಿನುಗನ್ನು ಮೂಡಿಸಲಾರದು. ಅದನ್ನು ನಾವೇ ಬರೆಯಬೇಕು. ಮೊದಲ ಸುತ್ತಿನಲ್ಲಿ ಡಾರ್ಕ್ ರೀಪರ್‌ನಂಥ ಕಡು ನೀಲಿಬೂದು ಬಣ್ಣವನ್ನು ಕವಚದ ಎಲ್ಲ ಅಂಚುಗಳಿಗೂ ಎಳೆಯಿರಿ. ಎರಡನೆಯ ಸುತ್ತಿನಲ್ಲಿ ಫೆನ್ರಿಸಿಯನ್ ಗ್ರೇಯಂಥ ತಿಳಿ ಬಣ್ಣವನ್ನು ಆಕಾಶಕ್ಕೆ ಮುಖ ಮಾಡಿದ ಅಂಚುಗಳಿಗೆ, ಎರಡು ಅಂಚುಗಳು ಕೂಡುವ ಮೂಲೆಗಳಿಗೆ ಮಾತ್ರ ಕೊಡಿ. ಈ 'ಮಾತ್ರ'ದಲ್ಲೇ ಎಲ್ಲವೂ ಇದೆ. ತಿಳಿ ಗೆರೆ ಎಲ್ಲೆಡೆ ಓಡಿದರೆ ಗೊಂಬೆ ನಕ್ಷೆಯಂತಾಗುತ್ತದೆ, ಆಯ್ದ ಕಡೆ ನಿಂತರೆ ಲೋಹವಾಗುತ್ತದೆ. ನೀಲಿ ಬೆರೆತ ಬೂದು ತಣ್ಣನೆಯ ಉಕ್ಕಿನ ಭಾವ ಕೊಡುತ್ತದೆ. ಕಂದು ಬೆರೆತದ್ದು ಹಳೆಯ ಚರ್ಮದಂತೆ ಕಾಣುತ್ತದೆ, ಅದನ್ನು ಸೊಂಟಪಟ್ಟಿ, ಚೀಲಗಳಿಗೆ ಉಳಿಸಿಕೊಳ್ಳಿ.

ಗೆರೆ ಎಳೆಯುವುದು ಕುಂಚದ ತುದಿಯಿಂದಲ್ಲ, ಅದರ ಪಕ್ಕದಿಂದ. ಬಣ್ಣವನ್ನು ಹಾಲಿನಷ್ಟು ತೆಳುವಾಗಿಸಿ, ಹೆಚ್ಚಾದದ್ದನ್ನು ಕಾಗದಕ್ಕೆ ಒರೆಸಿ, ಅಂಚಿಗೆ ಅಡ್ಡಲಾಗಿ ಹಿಡಿದ ಕುಂಚವನ್ನು ಅದರುದ್ದಕ್ಕೂ ಮೆಲ್ಲಗೆ ಜಾರಿಸಿದರೆ ಅಂಚೇ ಬಣ್ಣವನ್ನು ಎಳೆದುಕೊಳ್ಳುತ್ತದೆ. ಗೆರೆ ದಪ್ಪವಾಯಿತೇ? ಕವಚದ ಕಪ್ಪು ಭಾಗದ ಕಡೆಯಿಂದ ಗೆರೆಯವರೆಗೆ ಕಪ್ಪು ಬಣ್ಣ ತಂದು ಅದನ್ನು ಸಣ್ಣದು ಮಾಡಿ. ನಾನು ಇಂದಿಗೂ ಅರ್ಧಕ್ಕರ್ಧ ಗೆರೆಗಳನ್ನು ಹೀಗೆಯೇ ತಿದ್ದುತ್ತೇನೆ. ಅತಿ ಸಣ್ಣ ಕುಂಚ ಬೇಡ, ಅದರಲ್ಲಿ ಬಣ್ಣ ಗೊಂಬೆಯನ್ನು ತಲುಪುವ ಮೊದಲೇ ಒಣಗುತ್ತದೆ. ಮೊನೆ ಚೂಪಾಗಿರುವ ಒಂದನೆಯ ನಂಬರಿನ ಕುಂಚ ಸಾಕು. ಬಣ್ಣವನ್ನು ಬಹುಪಾಲು ಒರೆಸಿ ಒಣ ಕುಂಚ ಉಜ್ಜುವ ದಾರಿಯನ್ನು ನಾನು ಮೊದಲ ತುಕಡಿಯಲ್ಲಿ ಹಿಡಿದಿದ್ದೆ. ಕೂದಲು, ತುಪ್ಪಳಕ್ಕೆ ಅದು ಒಳ್ಳೆಯದು. ನುಣುಪಾದ ಭುಜಕವಚದ ಮೇಲೆ ಮಾತ್ರ ಸೀಮೆಸುಣ್ಣದ ಪುಡಿ ಚೆಲ್ಲಿದಂತೆ ಕಾಣುತ್ತದೆ.

ಇವರು ಯಾರೆಂಬುದನ್ನೂ ನೆನಪಿಡಿ. ಆಟದ ಕಥೆಯಲ್ಲಿ ಇವರು ಸಾಮ್ರಾಟನ ಸೈನಿಕರೇ ಆಗಿದ್ದವರು, ಹತ್ತು ಸಾವಿರ ವರ್ಷಗಳ ಹಿಂದೆ ಅವನಿಗೆ ಬೆನ್ನು ತಿರುಗಿಸಿದವರು. ನನ್ನ ಕಣ್ಣಿಗೆ ಇವರ ಭಯಂಕರತೆ ಇರುವುದು ಕೊಂಬುಗಳಲ್ಲಾಗಲಿ ರಕ್ತದಲ್ಲಾಗಲಿ ಅಲ್ಲ, ಆ ಹಳೆತನದಲ್ಲಿ. ರಕ್ತವನ್ನು ನಾನು ಆಯುಧದ ಅಲಗಿನಾಚೆ ದಾಟಲು ಬಿಡುವುದಿಲ್ಲ. ಅದರ ಬದಲು, ಹಳೆಯ ಕವಚದ ಸವೆತ ತೋರಿಸಲು ಪ್ಯಾಕಿಂಗ್ ಫೋಮಿನ ಚೂರೊಂದನ್ನು ಕೈಯಿಂದ ಹರಿದುಕೊಳ್ಳಿ. ಅದನ್ನು ಕಡುಕಂದಿನಲ್ಲಿ ಅದ್ದಿ, ಬಹುಪಾಲು ಬಣ್ಣವನ್ನು ಕಾಗದಕ್ಕೆ ಒತ್ತಿ ತೆಗೆದು, ಮೊಣಕಾಲು, ಬೂಟಿನ ತುದಿ, ಭುಜಕವಚದ ಅಂಚುಗಳಿಗೆ ಮುಟ್ಟಿಸಿ. ಕಪ್ಪಿನ ಮೇಲೆ ಕಂದು ಅಷ್ಟಾಗಿ ಕಾಣುವುದಿಲ್ಲ. ಆದ್ದರಿಂದ ದೊಡ್ಡ ಕಲೆಗಳ ನಡುವೆ ಲೆಡ್‌ಬೆಲ್ಚರ್‌ನಂಥ ಉಕ್ಕಿನ ಬಣ್ಣದ ಚುಕ್ಕೆ ಇಡಿ. ಸುತ್ತ ಉಳಿದ ಕಂದು ತುಕ್ಕಿನಂತೆ ಕಾಣುತ್ತದೆ. ಪೆಟ್ಟು ಬೀಳಲಾರದ ಕಂಕುಳಿನಲ್ಲಿ, ಸಂದುಗಳಲ್ಲಿ ಕಲೆ ಬೇಡ.

ಚಿನ್ನದ ಪಟ್ಟಿಗಳಿಗೆ ಈಗ ಕಂದು ವಾಶ್ ಕೊಟ್ಟು, ಒಣಗಿದ ಮೇಲೆ ಮೂಲೆಗಳಿಗೆ ಬೆಳ್ಳಿ ಬಣ್ಣ ಮುಟ್ಟಿಸಿ. ಅಲ್ಲೊಂದು ಇಲ್ಲೊಂದು ಮೊಳೆಯ ಸುತ್ತ ತೆಳುವಾದ ಹಸಿರುನೀಲಿ ಹರಿಸಿದರೆ ಕಿಲುಬು ಹಿಡಿದ ಹಿತ್ತಾಳೆಯೇ ಸರಿ. ಮುಂದಿನ ತುಕಡಿಗೆ ಪಟ್ಟಿಗಳನ್ನು ಮೊದಲು ಮುಗಿಸಿ, ಆಮೇಲೆ ಕಪ್ಪು ತುಂಬಿ. ಕಪ್ಪು ಒಂದೇ ಲೇಪದಲ್ಲಿ ಚಿನ್ನವನ್ನು ಮುಚ್ಚುತ್ತದೆ, ಕಪ್ಪನ್ನು ಮುಚ್ಚಲು ಚಿನ್ನಕ್ಕೆ ಎರಡು ಮೂರು ಲೇಪ ಬೇಕು. ಲೋಹದ ಬಣ್ಣಗಳಿಗೆ ನೀರಿನ ಲೋಟ ಬೇರೆಯೇ ಇರಲಿ, ಇಲ್ಲದಿದ್ದರೆ ಮಿನುಗುವ ಕಣಗಳು ಕಪ್ಪಿಗೂ ಸೇರಿಬಿಡುತ್ತವೆ.

ಇನ್ನು ಕಣ್ಣು. ನನಗೆ ಅತಿ ಪ್ರಿಯವಾದ ಕೆಲಸ ಇದು, ಶಿರಸ್ತ್ರಾಣಕ್ಕೆ ಜೀವ ಬರುವ ಗಳಿಗೆ. ಕಣ್ಣಿನ ಗಾಜಿಗೆ ಮೊದಲು ಕಡುಗೆಂಪು ತುಂಬಿ. ಅದರ ಕೆಳಗಿನ ಅರ್ಧಕ್ಕೆ ಹೊಳೆಯುವ ಕೆಂಪು, ಮೂಗಿನ ಕಡೆಯ ಕೆಳಮೂಲೆಗೆ ಕಿತ್ತಳೆ. ಉಸಿರು ಹಿಡಿದು, ಎರಡೂ ಮಣಿಕಟ್ಟುಗಳನ್ನು ಒಂದಕ್ಕೊಂದು ತಾಗಿಸಿ, ಎದುರಿನ ಮೇಲ್ಮೂಲೆಗೆ ಒಂದೇ ಒಂದು ಬಿಳಿ ಚುಕ್ಕೆ. ಕಪ್ಪಿನ ನಡುವೆ ಆ ಕೆಂಪು ಮೇಜಿನಾಚೆಯಿಂದಲೂ ನಿಮ್ಮನ್ನು ನೋಡುತ್ತದೆ. ಅದಕ್ಕಾಗಿಯೇ ಗೊಂಬೆಯಲ್ಲಿ ಬೇರೆಲ್ಲೂ ಅಷ್ಟು ಹೊಳೆಯುವ ಕೆಂಪನ್ನು ಬಳಸಬೇಡಿ.

ಕೊನೆಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಕೊಡಿ, ಆಡುವಾಗ ಬೆರಳು ತಾಗಿ ಬಣ್ಣ ಸವೆಯುವುದು ತಪ್ಪುತ್ತದೆ. ಗಾಳಿ ತೇವವಾಗಿರುವ ದಿನ ಸ್ಪ್ರೇ ಮಾಡಬೇಡಿ, ಕಪ್ಪಿನ ಮೇಲೆ ಬಿಳಿಯ ಮಂಜು ಕವಿಯುತ್ತದೆ. ನನ್ನದೊಂದು ತುಕಡಿಗೆ ಹಾಗಾಗಿ, ವಾರಗಟ್ಟಲೆ ಎಳೆದ ಗೆರೆಗಳನ್ನು ಮತ್ತೆ ಎಳೆದಿದ್ದೇನೆ. ಮ್ಯಾಟ್ ವಾರ್ನಿಶ್ ಕಣ್ಣಿನ ಹೊಳಪನ್ನೂ ನುಂಗುತ್ತದೆ. ಅದು ಪೂರ್ತಿ ಒಣಗಿದ ಮೇಲೆ, ಪ್ರತಿ ಕಣ್ಣಿಗೂ ಕುಂಚದ ಮೊನೆಯಷ್ಟು ಹೊಳಪು ಕೊಡುವ ಗ್ಲಾಸ್ ವಾರ್ನಿಶ್ ಇಡಿ.