ಹುರಿದರೆ ಕಾಫಿಯ ತೂಕ ಇಳಿಯುತ್ತದೆ, ಅದನ್ನು ಕಂಪ್ಯೂಟರಿಗೆ ನೀವೇ ಹೇಳಬೇಕು

ಸಂಪಾದಕರ ಉತ್ತರ

ಕೊಡಗಿನ ಗೋಣಿಕೊಪ್ಪಲಿನಿಂದ ಓದುಗರೊಬ್ಬರು ಬರೆದಿದ್ದಾರೆ. ಮಾವನವರು ಶುರು ಮಾಡಿದ ಅಂಗಡಿಯನ್ನು ಈಗ ಅವರೇ ನಡೆಸುತ್ತಿದ್ದಾರೆ. ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿ, ಜೇನು, ಕಾಚಂಪುಳಿ (ಕೊಡಗಿನ ಅಡುಗೆಗೆ ಹಾಕುವ ಕಪ್ಪು ಹುಳಿ ರಸ), ಹೋಮ್‌ಮೇಡ್ ಚಾಕಲೇಟ್ ವ್ಯಾಪಾರ. ಪ್ರವಾಸಿಗರು ಅಂಗಡಿಗೇ ಬರುತ್ತಾರೆ, ಬೆಂಗಳೂರು, ಮೈಸೂರಿನ ಹಳೇ ಗಿರಾಕಿಗಳು ವಾಟ್ಸಾಪ್‌ನಲ್ಲಿ ಆರ್ಡರ್ ಕೊಡುತ್ತಾರೆ. ಅವರ ಮಾತಲ್ಲೇ ಹೇಳುವುದಾದರೆ: “ರಾತ್ರಿ ಊಟ ಆದ ಮೇಲೂ ಮೆಸೇಜಿಗೆ ಉತ್ತರ ಕೊಡುತ್ತಾ ಕೂತಿರುತ್ತೇನೆ. ಯಾವ ಸಾಮಾನು ಎಷ್ಟಿದೆ ಅಂತ ಮಾವನವರನ್ನೋ, ಅಂಗಡಿಯಲ್ಲಿ ಕೆಲಸ ಮಾಡುವ ಅಕ್ಕನನ್ನೋ ಕೇಳದೆ ನನಗೆ ಗೊತ್ತಾಗುವುದಿಲ್ಲ. ಒಂದು ಕಂಪನಿಯವರು ಬಂದು ಬಿಲ್ಲಿಂಗ್, ಸ್ಟಾಕ್, ವಾಟ್ಸಾಪ್ ಉತ್ತರ ಎಲ್ಲಾ ಆಟೊಮ್ಯಾಟಿಕ್ ಮಾಡಿಕೊಡುತ್ತೇವೆ, ದಸರಾದೊಳಗೆ ಮುಗಿಸುತ್ತೇವೆ ಅನ್ನುತ್ತಿದ್ದಾರೆ. ಹಾಕಿಸಬಹುದಾ? ಆಮೇಲೆ ಪೇಚಾಡದೆ ಇರಲು ಮೊದಲೇ ಏನು ನೋಡಿಕೊಳ್ಳಬೇಕು?”

ಹಾಕಿಸಬಹುದು. ಆದರೆ ದಸರಾದೊಳಗೆ ಬೇಡ, ಎಲ್ಲವನ್ನೂ ಒಟ್ಟಿಗೆ ಬೇಡ.

ನಿಮ್ಮ ಕಾಗದದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು ಸ್ಟಾಕಿನದು. ಅಂಗಡಿಯ ಲೆಕ್ಕ ಇಬ್ಬರ ತಲೆಯಲ್ಲಿದೆ ಅಂತ ನೀವೇ ಬರೆದಿದ್ದೀರಿ. ತಲೆಯಲ್ಲಿರುವುದನ್ನು ಯಾವ ಸಾಫ್ಟ್‌ವೇರೂ ಓದಲಾರದು. ಒಂದು ಕೆಲಸ ಹೇಗೆ ನಡೆಯುತ್ತದೆ ಅಂತ ಹೊಸಬರಿಗೆ ಅರ್ಥ ಆಗುವ ಹಾಗೆ ಒಂದು ಹಾಳೆಯಲ್ಲಿ ಬರೆಯಲು ಆದರೆ, ಆ ಕೆಲಸ ಯಂತ್ರಕ್ಕೆ ಕೊಡಲು ತಯಾರಾಗಿದೆ ಅಂತ ಲೆಕ್ಕ. ಬರೆಯಲು ಆಗದಿದ್ದರೆ, ಎಷ್ಟೇ ದುಡ್ಡು ಸುರಿದರೂ ಇವತ್ತಿನ ಗೊಂದಲವೇ ನಾಳೆ ಇನ್ನೂ ಬೇಗ ಬೇಗ ಆಗುತ್ತದೆ, ಅಷ್ಟೇ.

ಒಂದು ವಾರ ಹೀಗೆ ಮಾಡಿ ನೋಡಿ. ಗಲ್ಲಾ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ಯಾವ ಕೆಲಸ ಬಂತು, ಯಾರು ಮಾಡಿದರು, ಎಲ್ಲಿ ತಡವಾಯಿತು, ಯಾವ ಪ್ರಶ್ನೆಗೆ ಮಾವನವರನ್ನು ಕೇಳಬೇಕಾಯಿತು, ಎಲ್ಲಾ ಬರೆದಿಡಿ. ವಾಟ್ಸಾಪ್ ಆರ್ಡರ್‌ಗಳನ್ನು ಗಿರಾಕಿ ಬರೆದ ಹಾಗೇ ಇಳಿಸಿಕೊಳ್ಳಿ. “ಅಕ್ಕ, ಹೋದ ಸಲದ್ದೇ ಕಳಿಸಿ, ಚಿಕೋರಿ ಸ್ವಲ್ಪ ಕಮ್ಮಿ ಇರಲಿ, ಅಮ್ಮನ ಮನೆ ಅಡ್ರೆಸ್ಸಿಗೆ” ಅಂತ ಒಂದು ಮೆಸೇಜ್ ಬರುತ್ತದೆ ಅಂದುಕೊಳ್ಳಿ. ನಿಮಗೆ ತಟ್ಟನೆ ಅರ್ಥ ಆಗುತ್ತದೆ. ಯಂತ್ರಕ್ಕೆ ಅರ್ಥ ಆಗಬೇಕಾದರೆ ಹೋದ ಸಲ ಏನು ಕಳಿಸಿದ್ದು, ಆ ಪುಡಿಯಲ್ಲಿ ಚಿಕೋರಿ ಎಷ್ಟಿತ್ತು, ಸ್ವಲ್ಪ ಕಮ್ಮಿ ಅಂದರೆ ಎಷ್ಟು, ಅಮ್ಮನ ಮನೆ ಎಲ್ಲಿ, ಈ ನಾಲ್ಕೂ ಎಲ್ಲಾದರೂ ದಾಖಲಾಗಿರಬೇಕು. ಸದ್ಯಕ್ಕೆ ಯಾವುದೂ ಆಗಿಲ್ಲ ಅಲ್ವಾ? ಹಾಗಾದರೆ ಮೊದಲ ಕೆಲಸ ಗಿರಾಕಿಗಳ ಪಟ್ಟಿ. ಹೆಸರು, ಫೋನ್, ವಿಳಾಸ, ಮಾಮೂಲಿ ತೆಗೆದುಕೊಳ್ಳುವ ಸಾಮಾನು. ಇದಕ್ಕೆ ಎಕ್ಸೆಲ್ ಸಾಕು.

ಇನ್ನು ಸ್ಟಾಕ್. ನಿಮ್ಮಂಥ ಅಂಗಡಿಗಳಲ್ಲಿ ಆಟೊಮೇಷನ್ ಎಡವುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಸಿರು ಕಾಫಿ ಬೀಜ ಹುರಿದರೆ ತೂಕ ಇಳಿಯುತ್ತದೆ. ಎಷ್ಟು ಕಪ್ಪಗೆ ಹುರಿಯುತ್ತೀರಿ ಅನ್ನುವುದರ ಮೇಲೆ ಸುಮಾರು ಶೇ 15ರಿಂದ 20ರವರೆಗೆ ಹೋಗುತ್ತದೆ. 10 ಕಿಲೋ ಬೀಜ ಹಾಕಿದರೆ ಕೈಗೆ ಸಿಗುವುದು ಎಂಟು, ಎಂಟೂವರೆ ಕಿಲೋ. 8 ಕಿಲೋ ಸಿಕ್ಕಿತು, ಅದಕ್ಕೆ 80:20ರ ಲೆಕ್ಕದಲ್ಲಿ 2 ಕಿಲೋ ಚಿಕೋರಿ ಸೇರಿಸಿದಿರಿ ಅನ್ನೋಣ. ಪುಡಿ ಮತ್ತೆ 10 ಕಿಲೋ ಆಯಿತು. ಹತ್ತು ಹಾಕಿದೆವು, ಹತ್ತು ಬಂತು, ಲೆಕ್ಕ ಸರಿ ಇದೆ ಅಂತ ಮೇಲ್ನೋಟಕ್ಕೆ ಅನಿಸಿಬಿಡುತ್ತದೆ. ಸಾಫ್ಟ್‌ವೇರ್‌ನಲ್ಲಿ ಒಂದಕ್ಕೆ ಒಂದು ಅಂತ ತುಂಬಿಸಿದರೆ ಚಿಕೋರಿ ಖರ್ಚಾಗಿದ್ದು ಲೆಕ್ಕಕ್ಕೇ ಬರುವುದಿಲ್ಲ. ಚಿಕೋರಿ ಇಲ್ಲದ ಶುದ್ಧ ಪುಡಿಯಲ್ಲಂತೂ ಪ್ರತಿ ಸಲ ಒಂದೂವರೆ, ಎರಡು ಕಿಲೋ ಕಾಣೆಯಾದ ಹಾಗೆ ತೋರಿಸುತ್ತದೆ. ಆಗ ಅನುಮಾನ ಪಾಪ ಕೆಲಸದವರ ಮೇಲೆ ಹೋಗುತ್ತದೆ. ಅದು ತುಂಬಾ ದೊಡ್ಡ ಅನ್ಯಾಯ.

ಹಾಗಾಗಿ ನಾಲ್ಕೈದು ಸಲ ಹುರಿಯುವಾಗ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೂಕ ಹಾಕಿ ಬರೆದಿಡಿ. ಅರೇಬಿಕಾಗೆ ಬೇರೆ, ರೊಬಸ್ಟಾಗೆ ಬೇರೆ. ನಿಮ್ಮದೇ ಯಂತ್ರದಲ್ಲಿ, ನಿಮ್ಮದೇ ಹದದಲ್ಲಿ ಎಷ್ಟು ಇಳಿಯುತ್ತದೆ ಅನ್ನುವ ಅಂಕಿ ಸಿಗುತ್ತದೆ. ಸಾಫ್ಟ್‌ವೇರ್‌ಗೆ ಬೇಕಾಗಿರುವುದು ಅದು. ಪ್ರತಿ ಬ್ಯಾಚಿನ ಮಿಶ್ರಣವನ್ನೂ ಬರೆದಿಡುವುದು ಹೇಗೂ ಒಳ್ಳೆಯದು. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು, ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ಪ್ಯಾಕೆಟ್ ಮೇಲೆ ಹಾಕಲೇಬೇಕು ಅಂತ ಆಹಾರ ಸುರಕ್ಷತೆ ನಿಯಮವೇ ಇದೆ.

ಜೇನಿನದು ಇನ್ನೊಂದು ಕಥೆ. ತರುವುದು ಕಿಲೋ ಲೆಕ್ಕದಲ್ಲಿ, ಮಾರುವುದು ಬಾಟಲಿ ಲೆಕ್ಕದಲ್ಲಿ. ಒಂದು ಲೀಟರ್ ಜೇನು ಸುಮಾರು 1.4 ಕಿಲೋ ತೂಗುತ್ತದೆ. ಅಂದರೆ 750 ಎಂಎಲ್ ಬಾಟಲಿಯಲ್ಲಿ ಒಂದು ಕಿಲೋಗಿಂತ ಚೂರು ಜಾಸ್ತಿಯೇ ಇರುತ್ತದೆ. ಕಿಲೋ ಮತ್ತು ಲೀಟರ್ ಒಂದೇ ಅಂತ ತುಂಬಿಸಿದರೆ ತಿಂಗಳ ಕೊನೆಯಲ್ಲಿ ಲೆಕ್ಕ ಎಲ್ಲೋ ಹೋಗಿರುತ್ತದೆ. ಪ್ರತಿ ಸಾಮಾನಿಗೂ ಒಂದೇ ಹೆಸರು, ಒಂದೇ ಅಳತೆ ಗೊತ್ತು ಮಾಡಿ. “ಫಿಲ್ಟರ್ ಕಾಲು ಕಿಲೋ”, “ಕಾಫಿ ಪುಡಿ 250”, “ಸ್ಪೆಷಲ್ ಪ್ಯಾಕೆಟ್” ಮೂರೂ ಒಂದೇ ಪುಡಿಯಾಗಿದ್ದರೆ ಕಂಪ್ಯೂಟರ್ ಅದನ್ನು ಮೂರು ಸಾಮಾನು ಅಂತಲೇ ತಿಳಿಯುತ್ತದೆ.

ತೆರಿಗೆಯನ್ನೂ ಸಾಮಾನುವಾರು ನೋಡಿಕೊಳ್ಳಿ. ಹುರಿಯದ ಕಾಫಿ ಬೀಜಕ್ಕೆ ಜಿಎಸ್‌ಟಿ ಇಲ್ಲ, ಹುರಿದದ್ದಕ್ಕೆ ಶೇ 5 ಇದೆ. ಚಾಕಲೇಟಿನದು ಶೇ 18 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿಯಿತು. ಹಳೇ ದರ ತುಂಬಿಸಿಟ್ಟ ಸಾಫ್ಟ್‌ವೇರ್ ತಪ್ಪು ಬಿಲ್ಲನ್ನೇ ಮುದ್ರಿಸುತ್ತಾ ಹೋಗುತ್ತದೆ, ಗಿರಾಕಿ ಹೇಳುವವರೆಗೂ ನಿಮಗೆ ತಿಳಿಯುವುದಿಲ್ಲ. ದರ ಬದಲಾದಾಗ ತಿದ್ದುವುದು ಯಾರ ಜವಾಬ್ದಾರಿ ಅಂತ ಮೊದಲೇ ಮಾತಾಡಿಕೊಳ್ಳಿ. ಶುರುವಿನಲ್ಲಿ ಒಂದು ಸಲ ನಿಮ್ಮ ಆಡಿಟರ್ ಕೈಲಿ ಇಡೀ ಪಟ್ಟಿ ನೋಡಿಸಿಬಿಡಿ.

ರಾತ್ರಿ ಹೊತ್ತಿನ ಮೆಸೇಜುಗಳ ಕಾಟಕ್ಕೆ ನೀವು ದುಡ್ಡು ಖರ್ಚು ಮಾಡಬೇಕಾಗಿಯೇ ಇಲ್ಲ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಪುಕ್ಕಟೆ ಸಿಗುತ್ತದೆ. ಅಂಗಡಿ ಮುಚ್ಚಿದ ಮೇಲೆ “ನಾಳೆ ಬೆಳಿಗ್ಗೆ ಉತ್ತರ ಕೊಡುತ್ತೇವೆ” ಅಂತ ತಾನಾಗಿ ಹೋಗುವ ಹಾಗೆ ಸಮಯ ಹೊಂದಿಸಬಹುದು. ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡು ಒಂದೆರಡು ಅಕ್ಷರ ಒತ್ತಿದರೆ ಪೂರ್ತಿ ಉತ್ತರ ಬರುತ್ತದೆ. ಸಾಮಾನಿನ ಫೋಟೊ, ಬೆಲೆ ಹಾಕಿ ಕ್ಯಾಟಲಾಗ್ ಮಾಡಬಹುದು. ಹೊಸ ಆರ್ಡರ್, ದುಡ್ಡು ಬಂದಿದೆ, ಕೊರಿಯರ್ ಆಗಿದೆ ಅಂತ ಲೇಬಲ್ ಹಚ್ಚಬಹುದು. ಇಷ್ಟನ್ನು ಮೊದಲು ಮಾಡಿ, ಒಂದೆರಡು ತಿಂಗಳು ನೋಡಿ. ನಿಮ್ಮ ಅರ್ಧ ತಲೆನೋವು ಇದರಲ್ಲೇ ಇಳಿಯುತ್ತದೆ ಅಂತ ನನ್ನ ನಂಬಿಕೆ.

ಗಿರಾಕಿಗೆ ಮಾತು ಕೊಡುವ ಕೆಲಸವನ್ನು ಮಾತ್ರ ಯಂತ್ರಕ್ಕೆ ಬಿಡಬೇಡಿ. “ಮೂರು ದಿನದಲ್ಲಿ ತಲುಪುತ್ತದೆ” ಅಂತ ತಾನಾಗಿ ಹೋಗುವ ಮೆಸೇಜ್ ಬೆಂಗಳೂರಿನ ಅಂಗಡಿಗೆ ಸರಿ ಇರಬಹುದು. ನಮ್ಮ ಕೊಡಗಿನ ಮಳೆಗಾಲಕ್ಕೆ ಅದು ಹೊಂದುವುದಿಲ್ಲ. 2018ರ ಆಗಸ್ಟ್ ಯಾರೂ ಮರೆತಿಲ್ಲ. ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿಹೋಗಿತ್ತು. ಅಂಥ ದಿನ ಮನೆಯವರೆಲ್ಲ ಜನರ ಸಹಾಯಕ್ಕೆ ಓಡಾಡುತ್ತಿರುವಾಗ ಇತ್ತ ಫೋನ್ ತನ್ನ ಪಾಡಿಗೆ ಮೂರು ದಿನದ ಭರವಸೆ ಕಳಿಸುತ್ತಿದ್ದರೆ ಹೇಗಿರುತ್ತದೆ? ಏನೇ ಹಾಕಿಸಿದರೂ ಒಂದೇ ಸಲಕ್ಕೆ ಎಲ್ಲಾ ನಿಲ್ಲಿಸುವ ದಾರಿ ಇರಬೇಕು, ಅದು ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಬೇಕು. ಕರೆಂಟ್ ಹೋದಾಗ, ನೆಟ್‌ವರ್ಕ್ ಇಲ್ಲದಾಗ ಬಿಲ್ ಹಾಕಲು ಆಗುತ್ತದಾ ಅಂತ ಎದುರಿಗೇ ವೈಫೈ ಆರಿಸಿ ಮಾಡಿಸಿ ನೋಡಿ. ಜೂನ್, ಜುಲೈನಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಊರಲ್ಲಿ ಇಂಟರ್‌ನೆಟ್ ಇದ್ದರೆ ಮಾತ್ರ ನಡೆಯುವ ಬಿಲ್ಲಿಂಗ್ ಹಾಕಿಸಿಕೊಂಡು ಏನು ಮಾಡುವುದು? ಕೈಬಿಲ್ ಪುಸ್ತಕ ಗಲ್ಲಾದಲ್ಲಿ ಇದ್ದೇ ಇರಲಿ.

ದುಡ್ಡಿನ ವಿಷಯದಲ್ಲೂ ಅಷ್ಟೇ. ಗಿರಾಕಿ ಕಳಿಸಿದ ಯುಪಿಐ ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಬಿಡುವ ಹಾಗೆ ಯಾವ ವ್ಯವಸ್ಥೆಯನ್ನೂ ಮಾಡಿಸಬೇಡಿ. ನಿಮ್ಮ ಖಾತೆಗೆ ದುಡ್ಡು ಬಂದಿದೆ ಅಂತ ನೋಡಿದ ಮೇಲೆ ಕಳಿಸಿ.

ಅಂಗಡಿಯ ಅಕ್ಕನ ಬಗ್ಗೆ ನೀವು ಒಂದೇ ಮಾತು ಬರೆದಿದ್ದೀರಿ, ಆದರೆ ಈ ಇಡೀ ವಿಚಾರದಲ್ಲಿ ಅವರ ಪಾತ್ರ ನಿಮ್ಮದಕ್ಕಿಂತ ದೊಡ್ಡದು. ಕಂಪನಿಯವರು ಬರುವುದಕ್ಕೆ ಮುಂಚೆ ಅವರನ್ನೂ ಮಾವನವರನ್ನೂ ಕೂರಿಸಿಕೊಂಡು ಮಾತಾಡಿ. ಕಂಪ್ಯೂಟರ್ ಬಂದರೆ ತಮ್ಮ ಕೆಲಸ ಹೋಗುತ್ತದೆ ಅನ್ನುವ ಭಯ ಅವರಿಗೆ ಇದ್ದೇ ಇರುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ. ಕೆಲಸ ಹೋಗುವುದಿಲ್ಲ ಅಂತ ಮೊದಲು ಸ್ಪಷ್ಟವಾಗಿ ಹೇಳಿ. ಯಾವ ಹೋಮ್‌ಸ್ಟೇಯವರಿಗೆ ಯಾವ ಪುಡಿ, ಯಾರ ಜೇನು ಚೆನ್ನಾಗಿರುತ್ತದೆ, ಯಾರು ಬಾಕಿ ತಡ ಮಾಡುತ್ತಾರೆ, ಇದೆಲ್ಲಾ ಅವರಿಗೆ ಗೊತ್ತು. ಅವರು ಮನಸಾರೆ ಹೇಳಿದರೆ ಮಾತ್ರ ನಿಮ್ಮ ಪಟ್ಟಿ ಪೂರ್ತಿಯಾಗುತ್ತದೆ. ಪರದೆ ಮೇಲಿನ ಅಕ್ಷರ ಕನ್ನಡದಲ್ಲಿ ಬರಲಿ ಅಂತ ಕೇಳಿ. ದಿನಾ ಅದರ ಮುಂದೆ ನಿಲ್ಲುವವರು ಅವರು.

ಹಾಗಾದರೆ ಯಾವಾಗ ಶುರು ಮಾಡುವುದು? ದಸರಾ, ಕಾವೇರಿ ಸಂಕ್ರಮಣ, ಸುಗ್ಗಿಯ ಹಬ್ಬ ಪುತ್ತರಿ, ಆಮೇಲೆ ಕ್ರಿಸ್‌ಮಸ್ ರಜೆ. ಇದು ನಿಮಗೆ ಉಸಿರಾಡಲೂ ಪುರುಸೊತ್ತಿಲ್ಲದ ಕಾಲ. ಆ ಗಡಿಬಿಡಿಯಲ್ಲಿ ಹೊಸದು ಕಲಿಯಲು ಯಾರಿಗೂ ಆಗುವುದಿಲ್ಲ, ತಪ್ಪಾದರೆ ಗಿರಾಕಿಗಳ ಎದುರಿಗೇ ಆಗುತ್ತದೆ. ಅಲ್ಲಿಯವರೆಗೆ ಪಟ್ಟಿ, ಹೆಸರು, ಅಳತೆ ಸರಿ ಮಾಡಿಕೊಳ್ಳಿ. ಹೊಸವರ್ಷದ ಗದ್ದಲ ಮುಗಿದ ಮೇಲೆ ಫೆಬ್ರವರಿಯಲ್ಲಿ ಬಿಲ್ಲಿಂಗ್ ಹಾಕಿಸಿ. ಎರಡು ತಿಂಗಳು ಪುಸ್ತಕವೂ ನಡೆಯಲಿ, ಕಂಪ್ಯೂಟರೂ ನಡೆಯಲಿ. ಎರಡು ಸಲ ಬರೆಯುವುದು ಬೇಜಾರಿನ ಕೆಲಸವೇ, ಆದರೆ ಎರಡರ ಲೆಕ್ಕ ಎಲ್ಲಿ ಬೇರೆಯಾಗುತ್ತದೋ ಅಲ್ಲೇ ತಪ್ಪು ಸಿಕ್ಕಿಬೀಳುತ್ತದೆ. ವಾರಕ್ಕೊಮ್ಮೆ ಐದಾರು ಸಾಮಾನನ್ನು ಕೈಯಾರೆ ಎಣಿಸಿ ನೋಡಿ. ಮಾರ್ಚ್ 31ಕ್ಕೆ ಹೇಗೂ ಸ್ಟಾಕ್ ಎಣಿಸಲೇಬೇಕು. ಆ ಅಂಕಿಯನ್ನೇ ತುಂಬಿಸಿ ಏಪ್ರಿಲ್ 1ರಿಂದ ಹೊಸ ಲೆಕ್ಕ ಶುರು ಮಾಡಿದರೆ ಹಳೇ ಗೋಜಲು ಹಿಂದೆ ಉಳಿಯುತ್ತದೆ.

ಕೊನೆಗೆ ಕಂಪನಿಯವರನ್ನು ಕೇಳಬೇಕಾದದ್ದು. ಖಾತೆ, ಪಾಸ್‌ವರ್ಡ್, ವಾಟ್ಸಾಪ್ ನಂಬರ್ ಎಲ್ಲಾ ನಿಮ್ಮ ಹೆಸರಲ್ಲೇ ಇರಬೇಕು. ಅವರ ಇಮೇಲ್‌ನಲ್ಲಿ ಖಾತೆ ತೆರೆದರೆ ನಾಳೆ ಜಗಳವಾದ ದಿನ ನಿಮ್ಮ ಅಂಗಡಿಯ ಬೀಗದ ಕೈ ಅವರ ಹತ್ತಿರ ಇದ್ದಂತೆ. ನಿಮ್ಮ ಲೆಕ್ಕ, ಗಿರಾಕಿಗಳ ಪಟ್ಟಿ ಪೂರ್ತಿ ಎಕ್ಸೆಲ್‌ನಲ್ಲಿ ಯಾವಾಗ ಬೇಕಾದರೂ ಇಳಿಸಿಕೊಳ್ಳಲು ಆಗಬೇಕು. ಇಳಿಸಿದ್ದನ್ನು ಪೆನ್‌ಡ್ರೈವ್‌ಗೆ ಹಾಕಿ ಮನೆಯಲ್ಲಿ ಒಂದು ಪ್ರತಿ ಇಡಿ. ಗಿರಾಕಿಗಳ ಫೋನ್ ನಂಬರನ್ನು ಅವರು ಬೇರೆ ಯಾರಿಗೂ ಕೊಡಬಾರದು. ವೈಯಕ್ತಿಕ ಮಾಹಿತಿ ಕಾಪಾಡಲು 2023ರಲ್ಲಿ ಕೇಂದ್ರ ಕಾಯ್ದೆಯೇ ಬಂದಿದೆ, ಜೊತೆಗೆ ಆ ನಂಬರ್‌ಗಳನ್ನು ಜನ ಕೊಟ್ಟಿರುವುದು ನಿಮ್ಮ ಮಾವನವರ ಮೇಲಿನ ನಂಬಿಕೆಯಿಂದ. ಎರಡನೇ ವರ್ಷದಿಂದ ಎಷ್ಟು ಕಟ್ಟಬೇಕು, ಕೆಟ್ಟರೆ ಎಷ್ಟು ಹೊತ್ತಿನಲ್ಲಿ ಫೋನ್ ಎತ್ತುತ್ತಾರೆ ಅನ್ನುವುದನ್ನೂ ಕೇಳಿ.

ಇವಕ್ಕೆಲ್ಲ ಬರಹದಲ್ಲಿ ಉತ್ತರ ಕೊಡದಿದ್ದರೆ ಅಡ್ವಾನ್ಸ್ ಕೊಡಬೇಡಿ. ಉತ್ತರ ಕೊಟ್ಟರೆ, ಬಿಲ್ಲಿಂಗ್ ಮತ್ತು ಸ್ಟಾಕ್ ಭಾಗವನ್ನು ಮಾತ್ರ ಫೆಬ್ರವರಿಗೆ ಅಂತ ಮಾತಾಡಿ. ವಾಟ್ಸಾಪ್‌ಗೆ ಉತ್ತರ ಕೊಡುವ ಯಂತ್ರದ ಮಾತನ್ನು ಒಂದು ಮಳೆಗಾಲ ಕಳೆದ ಮೇಲೆ ನೋಡೋಣ.

— ಸಂಪಾದಕ